ಸ್ಕೋಪ್ ಎಷ್ಟು ಕಿಲೋಮೀಟರ್?

“ಮುಪ್ಪಿನ ಬಗ್ಗೆಯೂ ಒಂದು ಕೋರ್ಸ್ ಇದೆಯಂತೆ ಅತ್ತೆ,” ಎಂದ ಶೀನ. ಮಗಳು ಶಿವಮೊಗ್ಗದ ಕಾಲೇಜಿನಿಂದ ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದಳು. ಭೂವಿಜ್ಞಾನ, ಭೂಗೋಳ, ಮುಪ್ಪು, ಜರ್ಮನ್. ನಾಲ್ಕರಲ್ಲಿ ಒಂದನ್ನು ಸಂಜೆಯೊಳಗೆ ಆರಿಸಬೇಕು. ಓಪನ್ ಎಲೆಕ್ಟಿವ್ ಅಂತೆ.

“ಪರೀಕ್ಷೆಯೂ ಇದೆಯೇನೋ?” ಎಂದರು ಸಾವಿತ್ರತ್ತೆ. “ಪ್ರಾಕ್ಟಿಕಲ್ ಇದ್ದರೆ ನನ್ನ ಮಂಡಿಗೆ ರ‍್ಯಾಂಕ್ ಗ್ಯಾರಂಟಿ.”

ಅಡಿಕೆಗೆ ಬೋರ್ಡೋ ಮದ್ದು ಹೊಡೆಯಲು ಬಂದವರೂ ಮಳೆಗೆ ಹೆದರಿ ಜಗಲಿ ಹತ್ತಿ ಕೂತಿದ್ದರು. ಕೆಲಸ ನಿಂತ ದಿನ ನಮ್ಮ ಕಡೆ ಯಾವ ವಿಷಯಕ್ಕೂ ತಜ್ಞರ ಕೊರತೆ ಇರುವುದಿಲ್ಲ.

“ಅದೆಲ್ಲ ಬೇಡ. ಯಾವುದಕ್ಕೆ ಸ್ಕೋಪ್ ಜಾಸ್ತಿ, ಅದನ್ನು ಹೇಳಿ,” ಎಂದರು ಗೋಪಾಲಣ್ಣ.

ಅತ್ತೆಗೆ ಮೈಯೆಲ್ಲ ಉರಿಯಿತು. “ಸ್ಕೋಪನ್ನು ಕಿಲೋಮೀಟರಿನಲ್ಲಿ ಅಳೀಬೇಕು ಮಾರಾಯ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋದರೆ 60 ಸ್ಕೋಪ್. ಬೆಂಗಳೂರಾದರೆ 300 ದಾಟುತ್ತದೆ. ಮನೆಯಿಂದ ದೂರ ಹೋದಷ್ಟೂ ಜಾಸ್ತಿ. ಊರಲ್ಲೇ ಕೂತು ಎಷ್ಟೇ ದುಡಿದರೂ ಹುಡುಗನಿಗೆ ಸೊನ್ನೆ ಸ್ಕೋಪ್, ಹೆಣ್ಣು ಕೊಡುವವರಿಲ್ಲ.”

ಗೋಪಾಲಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಅವರ ಮಗನಿಗೆ ಮೂವತ್ತೈದು. ತೋಟ ಚೆನ್ನಾಗಿದೆ.

“ಹಾಗಾದರೆ ಜರ್ಮನ್ನೇ ಇರಲಿ. 7000 ಕಿಲೋಮೀಟರ್ ಮೇಲೆ ಆಯ್ತಲ್ಲ!” ಎಂದ ಶೀನ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಅವರು ಕನ್ನಡಕ ಮುಟ್ಟಿದರೆ ಇಸವಿ ಬರುತ್ತದೆ ಅಂತ ನಮಗೆಲ್ಲ ಗೊತ್ತು. “ಕಿಟೆಲ್ ಅಲ್ಲಿಂದ ಇಲ್ಲಿಗೆ ಬಂದಿದ್ದು 1853ರಲ್ಲಿ. ಅವರ ಕನ್ನಡ ಶಬ್ದಕೋಶ ಅಚ್ಚಾಗಿದ್ದು 1894ರಲ್ಲಿ.”

“ನೋಡಿ, ಆಗ ಅವರಿಗೆ ಇಲ್ಲಿ ಸ್ಕೋಪ್ ಇತ್ತು,” ಎಂದರು ಅತ್ತೆ. “ಪಾಪ, ಅಷ್ಟೂ ಪದಗಳನ್ನು ಯಾವ ಓಪನ್ ಎಲೆಕ್ಟಿವ್ ಇಲ್ಲದೆ ಕೂಡಿಸಿದರು.”

“ಮುಪ್ಪಿಗೂ ಒಬ್ಬ ವಿಜ್ಞಾನಿ ಇದ್ದ. ಮೆಚ್ನಿಕಾಫ್ ಅಂತ, 1908ರಲ್ಲಿ ನೊಬೆಲ್ ಬಂತು. ಮೊಸರು ತಿಂದರೆ ಮುಪ್ಪು ತಡವಾಗುತ್ತದೆ ಅಂತ ಊರೆಲ್ಲ ಹೇಳಿಕೊಂಡು ಬಂದ.”

“ಎಷ್ಟು ವರ್ಷ ಬದುಕಿದ?”

“71.”

“ನಮ್ಮಜ್ಜಿ ಬರೀ ಮಜ್ಜಿಗೆಯಲ್ಲಿ ತೊಂಬತ್ತು ದಾಟಿದ್ದಳು. ಅವಳಿಗೆ ಯಾರೂ ಏನೂ ಕೊಡಲಿಲ್ಲ.”

ಮಾತು ಮೊಸರಿನಿಂದ ಎಮ್ಮೆಗೆ, ಎಮ್ಮೆಯಿಂದ ಹಿಂಡಿಯ ರೇಟಿಗೆ ಹೋಗಿ, ಹೇಗೋ ಭೂಗೋಳಕ್ಕೆ ಬಂತು. ಭೂಗೋಳ ಓದಿದವರು ಊರಿಗೇ ಬಂದು ಮೇಷ್ಟ್ರಾಗುತ್ತಾರೆ, ಸ್ಕೋಪ್ ಇಲ್ಲ ಅಂತ ಗೋಪಾಲಣ್ಣ ತೀರ್ಪು ಕೊಟ್ಟರು. ಮೇಷ್ಟ್ರಿಗೆ ಚುಚ್ಚಿತು. “ಒಂದೇ ತಾಲ್ಲೂಕಿನಲ್ಲಿ ಎರಡು ನದಿ ನೋಡಿ,” ಎಂದರು. “ತುಂಗೆ ಹೊರಟರೆ ಭದ್ರೆ, ಕೃಷ್ಣೆ ಅಂತ ಸೇರುತ್ತಾ ಬಂಗಾಳ ಕೊಲ್ಲಿವರೆಗೆ ಹೋಗುತ್ತಾಳೆ. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ 128 ಕಿಲೋಮೀಟರಿಗೇ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ.”

“ತುಂಗೆಗೇ ಸ್ಕೋಪ್!” ಎಂದ ಶೀನ.

“ಆದರೆ ನಿನ್ನ ಮನೆಯ ಬಲ್ಬು ಉರಿಸಿದ್ದು ಹತ್ತಿರದಲ್ಲೇ ಇದ್ದವಳು, ನೆನಪಿರಲಿ,” ಎಂದರು ಅತ್ತೆ. ಒಂದು ಕ್ಷಣ ಬಿಟ್ಟು, “ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ನನ್ನ ಚಿಕ್ಕಮ್ಮನ ಮನೆ ಮುಳುಗಿತು. ಅವರಿಗೆಲ್ಲ ಅರ್ಜಿ ಹಾಕದೆಯೇ ಸ್ಕೋಪ್ ಸಿಕ್ಕಿತು,” ಎಂದರು.

ಶೀನ ಪಟ್ಟಿಯನ್ನು ಮತ್ತೆ ನೋಡಿದ. “ಹೀಗಾದರೆ ನಾನು ಏನು ಹೇಳಲಿ ಅವಳಿಗೆ?”

“ನಾಲ್ಕೂ ಓದಲಿ ಅನ್ನು. ಜರ್ಮನಿಯಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ 65 ದಾಟಿದವರಂತೆ, ನೋಡಿಕೊಳ್ಳುವವರು ಸಾಲುವುದಿಲ್ಲವಂತೆ. ಭೂಗೋಳ ಓದಿದರೆ ಜರ್ಮನಿ ಎಲ್ಲಿದೆ ಅಂತ ತಿಳಿಯುತ್ತದೆ. ಜರ್ಮನ್ ಓದಿದರೆ ಅಲ್ಲಿಯ ಅಜ್ಜಿಗೆ ಊಟ ಆಯ್ತಾ ಅಂತ ಕೇಳಬಹುದು. ಮುಪ್ಪಿನ ಕೋರ್ಸ್ ಓದಿದ್ದರೆ ಆ ಅಜ್ಜಿ ಬೈದರೂ ಬೇಜಾರಾಗುವುದಿಲ್ಲ.”

“ಭೂವಿಜ್ಞಾನ?”

“ಇಲ್ಲಿ ನಿನ್ನ ಮನೆ ಹಿಂದಿನ ಧರೆ ಕುಸಿದಾಗ, ಅಲ್ಲಿಂದ ಫೋನ್ ಮಾಡಿ ಯಾಕೆ ಕುಸಿಯಿತು ಅಂತ ಹೇಳೋದಕ್ಕೆ.”

ಬೋರ್ಡೋದವರೂ ನಕ್ಕರು. ಶೀನ ಮಾತ್ರ ಹಿತ್ತಿಲ ಕಡೆ ಒಮ್ಮೆ ನೋಡಿದ.

ಮೇಷ್ಟ್ರು ಬಿಡಲಿಲ್ಲ. “ತಮಾಷೆಯಲ್ಲ ಸಾವಿತ್ರಮ್ಮ. ನಮ್ಮ ಕಡೆಯ ಬಂಡೆಗಳಲ್ಲಿ 300 ಕೋಟಿ ವರ್ಷ ದಾಟಿದವು ಇವೆ.”

“ಹಾಗಾದರೆ ಅದೂ ಮುಪ್ಪಿನ ಕೋರ್ಸೇ. ಎರಡನ್ನೂ ಒಂದೇ ಕ್ಲಾಸಿನಲ್ಲಿ ಮುಗಿಸಬಹುದಿತ್ತು. ಪುಣ್ಯಕ್ಕೆ ಬಂಡೆಯಾದರೂ ಇದ್ದಲ್ಲೇ ಇದೆ.”

“ಎಲ್ಲಿ ಇದೆ? ಖಂಡಗಳೇ ಸರಿಯುತ್ತವೆ ಅಂತ ವೆಗೆನರ್ 1912ರಲ್ಲೇ ಹೇಳಿದ. ಅವನೂ ಜರ್ಮನಿಯವನೇ. ಒಂದು ಕಾಲದಲ್ಲಿ ನಾವೂ ಮಡಗಾಸ್ಕರೂ ಒಟ್ಟಿಗಿದ್ದೆವು. ಸುಮಾರು 9 ಕೋಟಿ ವರ್ಷದ ಹಿಂದೆ ಬಿಟ್ಟು, ಉತ್ತರಕ್ಕೆ ಸರಿಯುತ್ತಾ ಸರಿಯುತ್ತಾ ಏಷ್ಯಾಕ್ಕೆ ಗುದ್ದಿದೆವು. ಹಿಮಾಲಯ ಎದ್ದಿದ್ದು ಹಾಗೆ.”

“ಮಡಗಾಸ್ಕರ್ ಏನಾಯ್ತು?”

“ಆಫ್ರಿಕಾದ ಪಕ್ಕ ಅಲ್ಲೇ ಉಳಿಯಿತು.”

ಅತ್ತೆ ತಲೆಯಾಡಿಸಿದರು. “ನಮ್ಮ ಕೇರಿಯ ಹಾಗೆ. ಹಿಮಾಲಯ ಎಬ್ಬಿಸಿದ ಮಗನ ಫೋಟೋ ಗೋಡೆಗೆ ಹಾಕಿಕೊಂಡು.” ಅವರ ದೊಡ್ಡ ಮಗ ಬೆಂಗಳೂರಿನಲ್ಲಿ, ಚಿಕ್ಕವನು ಮ್ಯೂನಿಕ್ಕಿನಲ್ಲಿ. ಎಂಟು ಕೋಣೆಯ ಮನೆಯಲ್ಲಿ ಅವರು ದೀಪ ಹಾಕುವುದು ಎರಡಕ್ಕೆ. ಮ್ಯೂನಿಕ್ಕಿನವನು ಭಾನುವಾರ ತಪ್ಪದೆ ವಿಡಿಯೋ ಕಾಲ್ ಮಾಡುತ್ತಾನೆ, ನೆಟ್‌ವರ್ಕ್ ಇದ್ದರೆ. ಅದಕ್ಕೆ ಅತ್ತೆ ಮಳೆಯಲ್ಲೂ ಕೊಡೆ ಹಿಡಿದು ಗುಡ್ಡ ಹತ್ತುತ್ತಾರೆ. ಮಂಡಿನೋವು ಜಾಸ್ತಿಯಾಗಿದ್ದು ಯಾಕೆ ಅಂತ ಡಾಕ್ಟರ್ ಇನ್ನೂ ಹುಡುಕುತ್ತಿದ್ದಾರೆ.

ಅಷ್ಟರಲ್ಲಿ ಶೀನನ ಫೋನು ಕುಂಯ್ ಎಂದಿತು. ಮಗಳ ಮೆಸೇಜು. ಜರ್ಮನ್ ಸೀಟು ಮಧ್ಯಾಹ್ನವೇ ತುಂಬಿಹೋಗಿ, ಅವಳಿಗೆ ಮುಪ್ಪು ಸಿಕ್ಕಿತ್ತು.

“ಪ್ರಾಜೆಕ್ಟಿಗೆ ಅರವತ್ತು ದಾಟಿದವರು ಇಪ್ಪತ್ತು ಜನ ಬೇಕಂತೆ,” ಎಂದ ಶೀನ.

“ಇಪ್ಪತ್ತೇ ಯಾಕೆ, ಕೇರಿಯನ್ನೇ ಬರೆದುಕೊಳ್ಳಲಿ!” ಗೋಪಾಲಣ್ಣ ಮೊದಲ ಹೆಸರು ಕೊಟ್ಟರು. ಮೇಷ್ಟ್ರು ಹುಟ್ಟಿದ ಇಸವಿ ಸಮೇತ ಕೊಟ್ಟರು.

“ನನ್ನದೂ ಬರೆ,” ಎಂದರು ಅತ್ತೆ. “ಯಾವತ್ತು ಬರುತ್ತಾಳೆ? ಊಟಕ್ಕೇ ಬರಲಿ. ಕೆಸುವಿನ ಪತ್ರೊಡೆ ಮಾಡುತ್ತೇನೆ. ಪ್ರಶ್ನೆ ಮುಗಿಯದಿದ್ದರೆ ಎರಡು ದಿನ ಉಳಿಯಲಿ, ಕೋಣೆಗೇನು ಬರವೇ?”

ಶೀನ ಫೋನು ಕೆಳಗೆ ಉಜ್ಜುತ್ತಾ ಓದಿದ. “ಬರೋದಿಲ್ಲವಂತೆ ಅತ್ತೆ. ಗೂಗಲ್ ಫಾರಂ ಕಳಿಸುತ್ತಾಳಂತೆ.”

“ಹಾಗಾದರೆ ನನಗೆ ಐವತ್ತೊಂಬತ್ತು ಅಂತ ಬರಿ,” ಎಂದು ಅತ್ತೆ ಕೊಡೆ ಹುಡುಕಿದರು.