ಮುಷ್ಕರದ ವಾರ ಊರಿಗೆ ಹೊರಟವರಿಗೆ: ರಿಫಂಡ್ ಒತ್ತುವ ಮೊದಲು ಇದನ್ನು ಓದಿ

ಪೈಲಟ್‌ಗಳ ಮುಷ್ಕರವಂತೆ, ವಿಮಾನದ ಟಿಕೆಟ್ ಕ್ಯಾನ್ಸಲ್ ಮಾಡಿ ಬೇರೆ ತಗೊಳ್ಳೋದಾ ಎಂದು ಪರದೇಶದಲ್ಲಿರುವ ನಮ್ಮ ಕಡೆಯವರ ಗುಂಪಿನಲ್ಲಿ ತುಂಬ ಜನ ಕೇಳುತ್ತಿದ್ದೀರಿ. ಹೆಚ್ಚಿನವರು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಗೆ ಮಕ್ಕಳನ್ನು ಕಟ್ಟಿಕೊಂಡು ಹೊರಟವರು. ಮದುವೆ, ಜಾವಳ, ಮುಂಜಿವಿ ಎಂದು ತಾರೀಖು ಮೊದಲೇ ಗೊತ್ತಾಗಿರುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ನೀವಾಗಿ ರದ್ದು ಮಾಡಬೇಡಿ. ನೀವು ಮಾಡಿದರೆ ಅದು ನಿಮ್ಮ ರದ್ದತಿ, ದಂಡವೂ ನಿಮ್ಮದೇ. ವಿಮಾನ ಕಂಪನಿಯೇ ರದ್ದು ಮಾಡಿದರೆ ಪೂರ್ತಿ ಹಣ ಇಲ್ಲವೆ ಬದಲಿ ವಿಮಾನ, ಯಾವುದು ಬೇಕೋ ನೀವೇ ಆರಿಸಬಹುದು. ರದ್ದಾದ ಸಂದೇಶ ಬಂದಾಗ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಎರಡು ಗುಂಡಿ ಕಾಣುತ್ತವೆ, ಒಂದು ರಿಫಂಡ್, ಇನ್ನೊಂದು ರೀಬುಕ್. ಗಾಬರಿಯಲ್ಲಿ ಬೆರಳು ರಿಫಂಡ್ ಮೇಲೆ ಹೋಗುತ್ತದೆ. ಅದನ್ನು ಒತ್ತಿದ ಗಳಿಗೆಗೆ ಕಂಪನಿಯ ಜೊತೆಗಿನ ಒಪ್ಪಂದ ಮುಗಿಯಿತು. ಬೇರೆ ಕಂಪನಿಯ ಸೀಟು, ಹೋಟೆಲ್, ಊಟ ಯಾವುದನ್ನೂ ಆಮೇಲೆ ಕೇಳಲು ಬರುವುದಿಲ್ಲ. ವಾಪಸ್ ಬಂದ ದುಡ್ಡಿನಲ್ಲಿ ಅದೇ ವಾರ ನಾಲ್ಕು ಜನರ ಟಿಕೆಟ್ ಸಿಗುವುದು ಬಹಳ ಕಷ್ಟ. ಊರಿಗೆ ಹೋಗಲೇಬೇಕೆಂದಿದ್ದರೆ ರಿಫಂಡ್ ಮುಟ್ಟಬೇಡಿ, ಬದಲಿ ಸೀಟನ್ನೇ ಕೇಳಿ.

ಸೀಟು ಕೇಳುವುದಕ್ಕೂ ಒಂದು ರೀತಿ ಇದೆ. "ಏನಾದರೂ ಮಾಡಿಕೊಡಿ" ಎಂದರೆ ಅವರದೇ ಕಂಪನಿಯ, ಐದಾರು ದಿನ ಆಚೆಯ ವಿಮಾನ ಕೊಡುತ್ತಾರೆ. ಖಾಲಿ ಸೀಟು ಇರುವ ವಿಮಾನವನ್ನು ನೀವೇ ಮೊದಲು ಹುಡುಕಿ, ನಂಬರ್ ಮತ್ತು ತಾರೀಖು ಬರೆದಿಟ್ಟುಕೊಂಡು ಮಾತಾಡಿ. ಬೆಂಗಳೂರಿಗೆ ಫ್ರಾಂಕ್‌ಫರ್ಟ್‌ನಿಂದ ಲುಫ್ತಾನ್ಸಾ, ಪ್ಯಾರಿಸ್‌ನಿಂದ ಏರ್ ಫ್ರಾನ್ಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಕೆಎಲ್‌ಎಂ, ಲಂಡನ್‌ನಿಂದ ಬ್ರಿಟಿಷ್ ಏರ್‌ವೇಸ್ ಇವೆ. ಒಂದು ಕಂಪನಿಯ ಪೈಲಟ್‌ಗಳ ಮುಷ್ಕರ ಸಾಮಾನ್ಯವಾಗಿ ಇನ್ನೊಂದು ಕಂಪನಿಗೆ ತಟ್ಟುವುದಿಲ್ಲ. ಆ್ಯಪ್, ಫೋನ್, ಕೌಂಟರ್ ಮೂರನ್ನೂ ಒಟ್ಟಿಗೆ ಹಿಡಿಯಿರಿ. ಗಂಡ ಸಾಲಿನಲ್ಲಿ ನಿಂತರೆ ಹೆಂಡತಿ ಫೋನಿನಲ್ಲಿರಲಿ. ಅದೇ ಕಂಪನಿಯ ಬೇರೆ ದೇಶದ ಸಹಾಯವಾಣಿಗೂ ಕರೆ ಮಾಡಿ ನೋಡಿ. ಅವರಿಗೂ ಅದೇ ಬುಕಿಂಗ್ ಕಾಣುತ್ತದೆ, ಅಲ್ಲಿ ಸರದಿ ಚಿಕ್ಕದಿರಬಹುದು.

ಇಲ್ಲಿ ಬಹಳ ಮಂದಿ ಎಡವುತ್ತಾರೆ: ಕಾಯಲಾಗದೆ ಸ್ವಂತ ದುಡ್ಡಿನಲ್ಲಿ ಬೇರೆ ಟಿಕೆಟ್ ತೆಗೆದು ಊರಿಗೆ ಹೋಗಿಬಿಡುತ್ತಾರೆ, ಹಳೆಯ ಟಿಕೆಟ್‌ನ ವಾಪಸ್ ಬರುವ ಪ್ರಯಾಣ ಉಳಿದಿದೆ ಎಂದುಕೊಂಡು. ಹೋಗುವ ವಿಮಾನ ಹತ್ತದವರನ್ನು ನೋ-ಶೋ ಎಂದು ದಾಖಲಿಸಿದರೆ ಮುಂದಿನ ಎಲ್ಲ ಭಾಗಗಳೂ ತಾನಾಗಿ ರದ್ದಾಗುತ್ತವೆ. ಅದಕ್ಕೇ "ಹೋಗುವ ಭಾಗ ಮಾತ್ರ ತೆಗೆಯಿರಿ, ಬರುವ ಭಾಗ ಉಳಿಸಿ" ಎಂದು ಬರಹದಲ್ಲಿ ಒಪ್ಪಿಸಿಕೊಳ್ಳಿ.

ಹಕ್ಕುಗಳು ಬಹುತೇಕ ನೀವು ಹೊರಡುವ ದೇಶದ ಮೇಲೆ ನಿಂತಿವೆ. ಯುರೋಪ್ ಒಕ್ಕೂಟದಿಂದ ಹೊರಟರೆ, ಕಂಪನಿ ಯಾವುದೇ ಇರಲಿ, 2004ರ 261ನೇ ನಿಯಮ ಅನ್ವಯಿಸುತ್ತದೆ. 3,500 ಕಿಲೋಮೀಟರ್ ಮೀರಿದ ದೂರಕ್ಕೆ ಪರಿಹಾರ ತಲಾ 600 ಯೂರೋ. ಸ್ವಂತ ಸೀಟಿನ ಟಿಕೆಟ್ ಇರುವ ಮಕ್ಕಳಿಗೂ ಅಷ್ಟೇ. ಆದರೆ ಯಾರ ಮುಷ್ಕರ ಎಂಬುದನ್ನು ನೋಡಬೇಕು. ಕಂಪನಿಯ ಸ್ವಂತ ಪೈಲಟ್‌ಗಳ ಮುಷ್ಕರ ಕಂಪನಿಯ ಹೊಣೆಯೇ ಎಂದು ಯುರೋಪ್ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ಎಸ್‌ಎಎಸ್ ಎಂಬ ವಿಮಾನ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಏರ್ ಟ್ರಾಫಿಕ್ ಕಂಟ್ರೋಲ್ ಅಥವಾ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಯ ಮುಷ್ಕರವಾದರೆ ಪರಿಹಾರ ಇಲ್ಲ. 14 ದಿನ ಮೊದಲೇ ತಿಳಿಸಿ ರದ್ದು ಮಾಡಿದರೂ ಇಲ್ಲ. ಊಟ, ಹೋಟೆಲ್, ಬದಲಿ ಪ್ರಯಾಣ ಮಾತ್ರ ಯಾರ ಮುಷ್ಕರವೇ ಆಗಲಿ ಕೊಡಲೇಬೇಕು. ಕೊಡದಿದ್ದರೆ ಹದವಾಗಿ ಖರ್ಚು ಮಾಡಿ ರಸೀದಿ ಇಟ್ಟುಕೊಳ್ಳಿ. ಬ್ರಿಟನ್‌ನಲ್ಲೂ ಇದೇ ಧಾಟಿ, ಮೊತ್ತ 520 ಪೌಂಡ್. ಅಮೆರಿಕದಲ್ಲಿ ಇಂಥ ಪರಿಹಾರವಿಲ್ಲ. ವಿಮಾನ ರದ್ದಾಗಿ, ಬದಲಿಯನ್ನು ನೀವು ಒಪ್ಪದಿದ್ದರೆ, ಕ್ರೆಡಿಟ್ ಕಾರ್ಡಿಗೆ 7 ಕೆಲಸದ ದಿನಗಳೊಳಗೆ ಹಣ ಬರಬೇಕು. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದಲ್ಲಿ ಮುಷ್ಕರವನ್ನು ಕಂಪನಿಯ ಕೈಮೀರಿದ ಕಾರಣಗಳ ಪಟ್ಟಿಗೆ ಸೇರಿಸಿದ್ದಾರೆ. ಹೀಗಾಗಿ ಹಣ ಅಥವಾ ಬದಲಿ ವಿಮಾನ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ. ದೂರು ಕೊಡಲು ಸರ್ಕಾರದ ಏರ್‌ಸೇವಾ ಜಾಲತಾಣ ಇದೆ.

ಪ್ರಯಾಣ ವಿಮೆಯನ್ನು ಮುಷ್ಕರದ ಸುದ್ದಿ ಬಂದ ಮೇಲೆ ಕೊಂಡರೆ ಈ ಕಾರಣಕ್ಕೆ ಉಪಯೋಗವಿಲ್ಲ, ಗೊತ್ತಿದ್ದ ಸಂಗತಿ ಎಂದು ತಳ್ಳಿಹಾಕುತ್ತಾರೆ. ಟಿಕೆಟ್ ತೆಗೆದ ದಿನವೇ ವಿಮೆಯನ್ನೂ ತೆಗೆಯಿರಿ.

ಇನ್ನು ನಮ್ಮ ಕಡೆಯವರಿಗೇ ವಿಶೇಷವಾದ ತೊಡಕು, ಬೆಂಗಳೂರಿನಿಂದ ಮುಂದಿನ ನಾನೂರು ಕಿಲೋಮೀಟರ್. ಬೆಂಗಳೂರಿನವರೆಗೆ ಒಂದು ಕಂಪನಿ, ಹುಬ್ಬಳ್ಳಿಗೆ ಬೇರೆ ಟಿಕೆಟ್, ಅಂದರೆ ಎರಡು ಪಿಎನ್‌ಆರ್ (ಬುಕಿಂಗ್ ನಂಬರ್). ಮೊದಲನೆಯದು ತಡವಾದರೆ ಎರಡನೆಯವರಿಗೆ ನೀವು ಬರೀ ಬಾರದ ಪ್ರಯಾಣಿಕರು. ಬುಕ್ ಮಾಡುವಾಗಲೇ ಗುರಿಯ ಜಾಗದಲ್ಲಿ ಹುಬ್ಬಳ್ಳಿ ನಿಲ್ದಾಣದ ಕೋಡ್ ಎಚ್‌ಬಿಎಕ್ಸ್ (HBX) ಎಂದು ಹಾಕಿ ನೋಡಿ. ಕೋಡ್‌ಶೇರ್‌ನಲ್ಲಿ, ಅಂದರೆ ಒಂದು ಕಂಪನಿ ಇನ್ನೊಂದರ ವಿಮಾನಕ್ಕೂ ಟಿಕೆಟ್ ಮಾರುವ ಏರ್ಪಾಟಿನಲ್ಲಿ, ಹುಬ್ಬಳ್ಳಿಯವರೆಗೂ ಒಂದೇ ಟಿಕೆಟ್ ಸಿಕ್ಕರೆ ತುಸು ದುಬಾರಿಯಾದರೂ ಅದನ್ನೇ ತೆಗೆಯಿರಿ. ಕೊನೆಯ ಊರು ಮುಟ್ಟಿಸುವ ಜವಾಬ್ದಾರಿ ಆಗ ಕಂಪನಿಯ ಮೇಲಿರುತ್ತದೆ, ಲಗೇಜ್ ಮಿತಿಯೂ ಸಾಮಾನ್ಯವಾಗಿ ಅಂತರರಾಷ್ಟ್ರೀಯದ್ದೇ. ಬೇರೆ ಟಿಕೆಟ್ ಆದರೆ ದೇಶದೊಳಗಿನ 15 ಕಿಲೋ ಮಿತಿಗೆ ಬರುತ್ತೀರಿ, 23 ಕಿಲೋದ ಎರಡೆರಡು ಬ್ಯಾಗ್ ಹೊತ್ತವರು ಹೆಚ್ಚಿನ ತೂಕಕ್ಕೆ ಕೌಂಟರಿನಲ್ಲಿ ದುಡ್ಡು ಕಟ್ಟಬೇಕು. ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವುದು ಎರಡನೇ ಟರ್ಮಿನಲ್‌ನಲ್ಲಿ, ಇಂಡಿಗೋದ ದೇಶೀಯ ವಿಮಾನ ಹತ್ತುವುದು ಮೊದಲನೆಯದರಲ್ಲಿ. ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್, ಶಟಲ್ ಬಸ್ ಎಲ್ಲ ಸೇರಿ ಮಕ್ಕಳೊಂದಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಎಲ್ಲ ಕೈಕೊಟ್ಟರೆ ಸುತ್ತುದಾರಿಗಳು ನಮಗೆ ಕಡಿಮೆಯೇನಿಲ್ಲ. ಕಂಪನಿ ಮುಂಬೈ ಅಥವಾ ಗೋವಾ ಕೊಟ್ಟರೆ ಹಟ ಮಾಡದೆ ಒಪ್ಪಿಕೊಳ್ಳಿ. ಗೋವಾದಿಂದ ರಸ್ತೆಯಲ್ಲಿ ನಾಲ್ಕೈದು ಗಂಟೆಗೆ ಹುಬ್ಬಳ್ಳಿ. ಮಳೆಗಾಲದಲ್ಲಿ ಮಾತ್ರ ಘಟ್ಟದ ರಸ್ತೆಯ, ಕ್ಯಾಸಲ್‌ರಾಕ್ ಭಾಗದ ರೈಲಿನ ಸುದ್ದಿ ಕೇಳಿಕೊಂಡೇ ಹೊರಡಿ, ಗುಡ್ಡ ಕುಸಿದರೆ ಎರಡೂ ನಿಲ್ಲುತ್ತವೆ. ಬೆಳಗಾವಿಯ ಸಾಂಬ್ರಾ ನಿಲ್ದಾಣ ಧಾರವಾಡದವರಿಗೆ ಎರಡು ಗಂಟೆಯೊಳಗಿನ ದಾರಿ. ಹಿರೇಕೆರೂರು, ರಟ್ಟೀಹಳ್ಳಿ ಕಡೆಯವರಿಗೆ ಹುಬ್ಬಳ್ಳಿಗಿಂತ ಶಿವಮೊಗ್ಗ ನಿಲ್ದಾಣವೇ ಹತ್ತಿರ. ಬೆಂಗಳೂರಿನಿಂದ ಕಾರು ಮಾಡಿದರೆ ನಗರದೊಳಗೆ ಹೋಗಲೇಬೇಡಿ: ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೂಲಕ ಹೆದ್ದಾರಿ ಹಿಡಿಯಿರಿ. ಏಳೆಂಟು ಗಂಟೆಯ ಹಾದಿ. ನಡುರಾತ್ರಿ ಇಳಿದು ಆಗಲೇ ಹೊರಡುವುದು ನನಗೆ ಸರಿ ಕಾಣುವುದಿಲ್ಲ. ನಿಲ್ದಾಣದ ಹತ್ತಿರ ಆರು ಗಂಟೆ ಮಲಗಿ, ಡ್ರೈವರ್ ಕೂಡ ಮಲಗಿದ್ದಾನೆಂದು ಖಚಿತ ಮಾಡಿಕೊಂಡು ಹೊರಡಿ.

ಮಕ್ಕಳ ವಿಷಯದಲ್ಲಿ ರೀಬುಕ್ ಆದ ತಕ್ಷಣ ಕೇಳಬೇಕಾದ್ದು: ಬ್ಯಾಸಿನೆಟ್ (ಕೂಸಿನ ತೊಟ್ಟಿಲು), ಮಕ್ಕಳ ಊಟ, ಅಕ್ಕಪಕ್ಕದ ಸೀಟು. ಹಳೆಯ ಬುಕಿಂಗ್‌ನ ಈ ಕೋರಿಕೆಗಳು ಹೊಸದಕ್ಕೆ ತಾವಾಗಿ ಬರುತ್ತವೆಂದು ನಂಬಬೇಡಿ. ತೊಡೆ ಮೇಲಿನ ಕೂಸಿನ ಟಿಕೆಟ್ ಬೇರೆಯೇ ಇರುತ್ತದೆ, ಅದು ಹೊಸ ವಿಮಾನಕ್ಕೆ ಮರುವಿತರಣೆ ಆಗಿದೆಯೇ ಎಂದು ನಂಬರ್ ಸಮೇತ ನೋಡಿ. ಇಲ್ಲದಿದ್ದರೆ ಚೆಕ್-ಇನ್ ಕೌಂಟರಿನಲ್ಲಿ ಕೂಸು ಪಟ್ಟಿಯಲ್ಲೇ ಇರುವುದಿಲ್ಲ. ಕೂಸಿಗೆ ಎರಡು ವರ್ಷ ತುಂಬುವ ದಿನದ ಹತ್ತಿರ ವಾಪಸ್ ಪ್ರಯಾಣ ಇದ್ದರೆ ಇನ್ನೂ ಎಚ್ಚರ. ಮುಷ್ಕರದಿಂದ ನಾಲ್ಕು ದಿನ ಮುಂದೆ ಹೋಗಿ ಹುಟ್ಟುಹಬ್ಬ ದಾಟಿದರೆ ಮಗುವಿಗೆ ಪೂರ್ತಿ ಸೀಟು ಬೇಕು. ನಾಲ್ಕು ಜನಕ್ಕೆ ಒಂದೇ ವಿಮಾನದಲ್ಲಿ ಜಾಗ ಸಿಗದೆ ಇಬ್ಬಿಬ್ಬರಾಗಿ ಒಡೆಯುವಾಗ ಪ್ರತಿ ಮಗುವಿನ ಪಿಎನ್‌ಆರ್‌ನಲ್ಲಿ ಒಬ್ಬ ದೊಡ್ಡವರು ಇದ್ದಾರೆಯೇ ಎಂದು ಓದಿಸಿ ಕೇಳಿ.

ಬದಲಿ ದಾರಿಗೆ ಹೂಂ ಅನ್ನುವ ಮೊದಲು ಎಲ್ಲರ ಪಾಸ್‌ಪೋರ್ಟ್ ಮುಂದಿಟ್ಟುಕೊಳ್ಳಿ. ಮಕ್ಕಳದು ವಿದೇಶಿ, ನಿಮ್ಮದು ಭಾರತದ್ದು ಎಂದರೆ ಮಕ್ಕಳು ದಾಟಬಹುದಾದ ನಿಲ್ದಾಣವನ್ನು ನೀವು ದಾಟಲಾಗದೇ ಇರಬಹುದು. ಅಮೆರಿಕದಲ್ಲಿ ಬರೀ ವಿಮಾನ ಬದಲಿಸಲೂ ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ಒಸಿಐ ಕಾರ್ಡ್ (ವಿದೇಶಿ ಪಾಸ್‌ಪೋರ್ಟಿನ ಭಾರತ ಮೂಲದವರ ಕಾರ್ಡ್) ಕೈಚೀಲದಲ್ಲೇ ಇರಲಿ. ಮಗು ಇ-ವೀಸಾ ಮೇಲೆ ಬಂದಿದ್ದು, ವಾಪಸ್ ವಿಮಾನ ರದ್ದಾಗಿ ಅವಧಿ ಮೀರುವಂತಿದ್ದರೆ, ಮೀರುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ಅರ್ಜಿ ಹಾಕಿ, ರದ್ದತಿಯ ಪತ್ರ ಲಗತ್ತಿಸಿ. ಊರಿನಿಂದ ಅಪ್ಪ-ಅವ್ವನನ್ನು ಕರೆಸಿಕೊಂಡವರು ಅವರ ವಾಪಸ್ ಟಿಕೆಟನ್ನು ವೀಸಾದ ಕೊನೆಯ ವಾರಕ್ಕೆ ಇಡಬೇಡಿ, ಹತ್ತು ದಿನ ಬಿಡಿ. ಬಿಪಿ, ಸಕ್ಕರೆ ಕಾಯಿಲೆಯ ಔಷಧ ಐದು ದಿನದ್ದು ಹೆಚ್ಚಿಗೆ, ಅದೂ ಕೈಚೀಲದಲ್ಲಿ. ಇನ್ಸುಲಿನ್ ಚೆಕ್-ಇನ್ ಬ್ಯಾಗಿಗೆ ಹೋಗಲೇಬಾರದು.

ರಜೆ ಮುಗಿದು ಶಾಲೆ ಶುರುವಾದ ಮೇಲೂ ಊರಲ್ಲೇ ಸಿಕ್ಕಿಕೊಂಡರೆ ಕಂಪನಿಯ ರದ್ದತಿ ಪತ್ರವನ್ನು ಅದೇ ದಿನ ಶಾಲೆಗೆ ಕಳಿಸಿ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಐದು ದಿನ ತಪ್ಪಿದರೆ ದಂಡದ ಮಾತು ಬರುತ್ತದೆ. 2024ರ ಆಗಸ್ಟ್‌ನಿಂದ ಅದು ಪ್ರತಿ ಮಗುವಿಗೆ, ಪ್ರತಿ ಪೋಷಕರಿಗೆ 80 ಪೌಂಡ್, 21 ದಿನದೊಳಗೆ ಕಟ್ಟಿದರೆ. ಅನುಮತಿ ಮುಖ್ಯೋಪಾಧ್ಯಾಯರ ಕೈಯಲ್ಲಿದೆ, ಪತ್ರ ಮೊದಲೇ ತಲುಪಿದ್ದರೆ ಅವರಿಗೂ ತೀರ್ಮಾನ ಸುಲಭ.

ಟೊರೊಂಟೊದಲ್ಲಿರುವ ಗುಂಪಿನ ಸದಸ್ಯರೊಬ್ಬರ ಸೇರ್ಪಡೆ:

ಕೆನಡಾದಲ್ಲಿ ಮುಷ್ಕರಕ್ಕೆ 72 ಗಂಟೆ ಮೊದಲು ನೋಟಿಸ್ ಕೊಡಬೇಕು. ಆ ನೋಟಿಸ್ ಬಂದ ಕ್ಷಣವೇ ನಿಮ್ಮ ಗಡಿಯಾರ ಶುರು ಎಂದುಕೊಳ್ಳಿ. 2025ರ ಆಗಸ್ಟ್ 16ಕ್ಕೆ ಏರ್ ಕೆನಡಾ ಗಗನಸಖಿಯರ ಮುಷ್ಕರ ಶುರುವಾಯಿತು. ಆದರೆ ವಿಮಾನಗಳನ್ನು ಹಂತ ಹಂತವಾಗಿ ನಿಲ್ಲಿಸುವುದು ಎರಡು ದಿನ ಮೊದಲೇ ಆರಂಭವಾಗಿತ್ತು. ಎಲ್ಲೆಲ್ಲೋ ನಿಂತ ವಿಮಾನ, ಸಿಬ್ಬಂದಿಯನ್ನು ಮತ್ತೆ ಸರಿಯಾದ ಊರಿಗೆ ತರಬೇಕಾದ್ದರಿಂದ ಮುಷ್ಕರ ಮುಗಿದ ಮೇಲೂ ಕೆಲವು ದಿನ ಎಳೆಯುತ್ತದೆ. ಇಲ್ಲಿನ ನಿಯಮದಲ್ಲಿ ಮುಷ್ಕರಕ್ಕೆ ಪರಿಹಾರ ಹಣವಿಲ್ಲ. ಬದಲಿಗೆ, 48 ಗಂಟೆಯೊಳಗೆ ತಮ್ಮ ಅಥವಾ ಜೊತೆಗಾರ ಕಂಪನಿಯ ವಿಮಾನದಲ್ಲಿ ಕಳಿಸಲಾಗದಿದ್ದರೆ ದೊಡ್ಡ ಕಂಪನಿಗಳು ಯಾವುದೇ ಕಂಪನಿಯ ಸೀಟು ಕೊಡಿಸಬೇಕು, ಅದು ಬೇಡವೆಂದರೆ ಹಣ ವಾಪಸ್. ಈ 48 ಗಂಟೆಯ ಮಾತನ್ನು ಕೌಂಟರಿನಲ್ಲಿ ನೀವೇ ಎತ್ತಬೇಕು.

ಹುಬ್ಬಳ್ಳಿಯಿಂದ, ವಿದ್ಯಾನಗರದ ಕಡೆಯವರು:

ರೈಲಿಂದು ನಾ ಹೇಳ್ತೀನ್ರಿ. ತತ್ಕಾಲ್ ಟಿಕೆಟ್ ಆನ್‌ಲೈನ್ ತಗಸಾಕ 2025ರ ಜುಲೈಯಿಂದ ಆಧಾರ್ ಜೋಡಿಸಿದ ಖಾತೆ ಬೇಕು, ಒಟಿಪಿ ಬರ್ತದ. ಪರದೇಶದಾಗ ಇರೋರ ಆಧಾರ್ ಫೋನ್ ನಂಬರ್ ಬಂದಾಗಿರ್ತದ, ಅಲ್ಲೇ ಸಿಕ್ಕೊಂಡಬಿಡ್ತಾರ. ಅದಕ್ಕ ಊರಾಗಿನ ತಮ್ಮಗೋ ಮಾವಗೋ ಮೊದಲ ಹೇಳಿಡ್ರಿ. ಹೆಸರು ಪಾಸ್‌ಪೋರ್ಟಿನಾಗ ಇದ್ದಂಗ, ವಯಸ್ಸು, ಎಲ್ಲಾ ಒಂದ ಮೆಸೇಜಿನಾಗ ಕಳಸ್ರಿ. ಎಸಿ ತತ್ಕಾಲ್ ಹಿಂದಿನ ದಿನ ಮುಂಜಾನೆ 10ಕ್ಕ ತಗೀತದ, ಸ್ಲೀಪರ್ 11ಕ್ಕ. 10 ಹೊಡ್ಯೂದ್ರಾಗ ಅವರು ಲಾಗಿನ್ ಆಗಿ ಕುಂತಿರಬೇಕು.

ಏರ್‌ಪೋರ್ಟಿನಿಂದ ಮೆಜೆಸ್ಟಿಕ್ ತನಕಾ ಹೋಗಬ್ಯಾಡ್ರಿ, ಹೆಬ್ಬಾಳ ದಾಟಿ ಯಶವಂತಪುರಕ್ಕ ಬರ್ರಿ. ರಾಣಿ ಚೆನ್ನಮ್ಮ ಗಾಡಿ ರಾತ್ರಿ ಅಲ್ಲಿ ನಿಲ್ತದ, ಬೆಳಗಾದ್ರ ಹುಬ್ಬಳ್ಳಿ. ಗದಗಿನವರು ಗೋಲಗುಂಬಜ್ ಗಾಡಿ ನೋಡ್ರಿ, ಸೀದಾ ಗದಗಿಗೇ ಹೋಗ್ತದ. ಮುಂಬೈಗೆ ಇಳದವರಿಗೆ ಅಲ್ಲಿಂದನೂ ಹುಬ್ಬಳ್ಳಿ ಗಾಡಿ ಅದ. ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಐತಿ, ಬೋಗಿ ನಂಬರ್ ಮೊದಲ ಫೋನಿನಾಗ ಹೇಳ್ರಿ. ಇಲ್ಲಾಂದ್ರ ಕರಕೊಳ್ಳಾಕ ಬಂದವರು ಒಂದ್ ತುದಿಗೆ, ಕೂಸು ಎತ್ಕೊಂಡ ನೀವು ಇನ್ನೊಂದ್ ತುದಿಗೆ ನಿಂತಿರ್ತೀರಿ.