ವಕೀಲರು, ತೆರಿಗೆ ತಜ್ಞರು, ಸಲಹೆಗಾರರ ಪ್ರಾದೇಶಿಕ ಸಮ್ಮೇಳನ: ಹೋಗಿಬಂದವರು ಅನುಭವ ತಿಳಿಸುವಿರಾ?

ಕೇಳಿದವರು: ಬಸವನಗುಡಿಯ ಲೆಕ್ಕಪರಿಶೋಧಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಇಬ್ಬರು ಪಾಲುದಾರರ ಸಣ್ಣ ಕಚೇರಿ. ಪೀಣ್ಯದ ಯಂತ್ರಭಾಗ ತಯಾರಕರು, ಜಯನಗರದ ವೈದ್ಯರು, ಒಂದೆರಡು ಸಾಫ್ಟ್‌ವೇರ್ ಕಂಪನಿಗಳ ಕೆಲಸ ನೋಡಿಕೊಳ್ಳುತ್ತೇವೆ. ಸ್ವತಂತ್ರ ಕಾನೂನು, ತೆರಿಗೆ ಮತ್ತು ಸಲಹಾ ಕಚೇರಿಗಳ ಒಕ್ಕೂಟವೊಂದು ಏಷ್ಯಾದ ಸದಸ್ಯರಿಗಾಗಿ ವೈಟ್‌ಫೀಲ್ಡ್‌ನ ಹೋಟೆಲ್‌ನಲ್ಲಿ ಎರಡು ದಿನಗಳ ಸಮ್ಮೇಳನ ನಡೆಸುತ್ತಿದೆ. ಅತಿಥಿಯಾಗಿ ಬನ್ನಿ ಎಂದು ನಮಗೂ ಆಹ್ವಾನ ಬಂದಿದೆ. ಸಿಂಗಪುರ, ಜಪಾನ್, ಮಲೇಷ್ಯಾ, ದುಬೈಗಳಿಂದ ಪ್ರತಿನಿಧಿಗಳು ಬರುತ್ತಾರಂತೆ. ಶುಲ್ಕ ಮಾತ್ರ ನಮ್ಮ ಸಹಾಯಕರೊಬ್ಬರ ತಿಂಗಳ ಸಂಬಳದಷ್ಟಿದೆ. ಹೋದರೆ ಪ್ರಯೋಜನವಿದೆಯೇ? ಕೆಲಸ ಕೇಳುವುದೇ ನಮ್ಮ ವೃತ್ತಿನಿಯಮಕ್ಕೆ ವಿರುದ್ಧವಾಗಿರುವಾಗ ಅಲ್ಲಿ ಮಾತನಾಡುವುದಾದರೂ ಏನು? ಅಪರಿಚಿತರ ಗುಂಪಿನಲ್ಲಿ ಮುಂದೆ ಬಿದ್ದು ಪರಿಚಯ ಮಾಡಿಕೊಳ್ಳುವುದು ನನ್ನ ಸ್ವಭಾವವಲ್ಲ. ಇಂಥದಕ್ಕೆ ಹೋಗಿಬಂದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಲ್ಲೇಶ್ವರದ ವಕೀಲರು

ಮೇಡಂ, ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಅದು ಬಗೆಹರಿದರೆ ಉಳಿದವು ಸುಲಭ. ನಾನು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಲ್ಲೂ ಹೈಕೋರ್ಟ್‌ನಲ್ಲೂ ತೆರಿಗೆ ಪ್ರಕರಣಗಳನ್ನು ನಡೆಸುತ್ತೇನೆ. ನಮಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ಅನ್ವಯಿಸುತ್ತದೆ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಕೋರುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. 2008ರಲ್ಲಿ ಆದ ತಿದ್ದುಪಡಿಯಿಂದ ಹೆಸರು, ವಿಳಾಸ, ವಿದ್ಯಾರ್ಹತೆ, ಪರಿಣತಿಯ ಕ್ಷೇತ್ರ ಇಂಥ ಕೆಲವು ವಿವರಗಳನ್ನು ಜಾಲತಾಣದಲ್ಲಿ ಹಾಕಲು ಅವಕಾಶ ಸಿಕ್ಕಿತು, ಅಷ್ಟೆ. ನಿಮ್ಮ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲನೆಯ ಅನುಸೂಚಿಯ 6 ಮತ್ತು 7ನೇ ಖಂಡಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಹೊರದೇಶದವರಿಗೆ ಇದು ತಿಳಿದಿರುವುದಿಲ್ಲ. ಊಟದ ಮೇಜಿನಲ್ಲೇ ಯಾರಾದರೂ ‘ಕೆಲಸ ಕಳುಹಿಸಿದರೆ ಶುಲ್ಕದಲ್ಲಿ ಇಷ್ಟು ಪಾಲು’ ಎಂದು ಪ್ರಸ್ತಾಪಿಸಬಹುದು. ಕೆಲವು ದೇಶಗಳಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ವಕೀಲರಲ್ಲದವರೊಂದಿಗೆ ಸಂಭಾವನೆ ಹಂಚಿಕೊಳ್ಳುವ ಯಾವ ಏರ್ಪಾಡೂ ನಿಷಿದ್ಧ. ನಿಮ್ಮ ಕಾಯ್ದೆ ಕೆಲವು ವೃತ್ತಿಗಳವರೊಂದಿಗೆ ಹಂಚಿಕೆಗೆ ಒಪ್ಪುತ್ತದೆ, ವಕೀಲರೂ ಆ ಪಟ್ಟಿಯಲ್ಲಿದ್ದಾರೆ. ಆದರೆ ನಿಮ್ಮ ಕಡೆ ಒಪ್ಪಿಗೆಯಿದ್ದರೂ ನನ್ನ ಕಡೆ ಇಲ್ಲ. ಇದನ್ನು ಮೊದಲ ಭೇಟಿಯಲ್ಲೇ ಸೌಜನ್ಯದಿಂದ ಹೇಳಿಬಿಡಿ. ನಾನು ಹಾಗೆ ಹೇಳಿದಾಗ ಯಾರೂ ಮುಖ ತಿರುಗಿಸಿದ್ದಿಲ್ಲ. ಒಬ್ಬರಂತೂ, ತಮ್ಮ ಕಕ್ಷಿದಾರರ ವಿಷಯದಲ್ಲಿ ಇನ್ನು ನಿಶ್ಚಿಂತೆಯಿಂದ ಮಾತನಾಡಬಹುದು ಎಂದರು.

ಹಾಗಾದರೆ ಮಾತಿಗೇನು? ನಿಮಗೆ ಆಳವಾಗಿ ಗೊತ್ತಿರುವ ಒಂದೇ ಒಂದು ವಿಷಯವನ್ನು ಇಟ್ಟುಕೊಳ್ಳಿ. ಬೆಂಗಳೂರಿನವರಿಗೆ ಇದರಲ್ಲಿ ಬಡತನವಿಲ್ಲ. ವಿದೇಶಿ ಸಾಫ್ಟ್‌ವೇರ್‌ಗೆ ಕೊಡುವ ಹಣ ರಾಯಧನ (ರಾಯಲ್ಟಿ), ಆದ್ದರಿಂದ ಅದಕ್ಕೆ ಇಲ್ಲಿ ತೆರಿಗೆ ಬೀಳುತ್ತದೆ ಎಂದು 2011ರಲ್ಲಿ ಸ್ಯಾಮ್ಸಂಗ್ ಪ್ರಕರಣದಲ್ಲಿ ಹೇಳಿದ್ದು ನಮ್ಮ ಹೈಕೋರ್ಟ್. ಆ ನಿಲುವನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ತಳ್ಳಿಹಾಕಿತು. ವಿದೇಶಿಯರಿಗೆ ಕೊಡುವ ಶುಲ್ಕಕ್ಕೆ ಇಲ್ಲಿ ತೆರಿಗೆ ಬೀಳಲು ಅವರಿಂದ ತಾಂತ್ರಿಕ ಸೇವೆ ಪಡೆದರಷ್ಟೇ ಸಾಲದು, ಪಡೆದವರು ಆ ಜ್ಞಾನವನ್ನು ಮುಂದೆ ಸ್ವಂತವಾಗಿ ಬಳಸುವಂತಾಗಿರಬೇಕು ಎಂದು 2012ರಲ್ಲಿ ಡಿ ಬಿಯರ್ಸ್ ಪ್ರಕರಣದಲ್ಲಿ ವಿವರಿಸಿದ್ದೂ ಇದೇ ಹೈಕೋರ್ಟ್. ಸಿಂಗಪುರದೊಂದಿಗಿನ ನಮ್ಮ ತೆರಿಗೆ ಒಪ್ಪಂದದಲ್ಲೂ ಅದೇ ಷರತ್ತು ಇದೆ. ಇಲ್ಲಿನ ಕಂಪನಿಗಳಿಗೆ ಬಿಲ್ ಬರೆಯುವ ಸಿಂಗಪುರದವರ ಪರ ಸಲಹೆಗಾರರು ಈ ಮಾತನ್ನು ಕುರ್ಚಿ ಎಳೆದುಕೊಂಡು ಕೇಳುತ್ತಾರೆ. ಅದರಲ್ಲಿ ಕೋರಿಕೆಯೂ ಇಲ್ಲ, ಜಾಹೀರಾತೂ ಇಲ್ಲ. ಕಕ್ಷಿದಾರರ ಹೆಸರು, ಗುರುತು ಹತ್ತುವಂಥ ಮೊತ್ತ ಮಾತ್ರ ಬಾಯಿಗೆ ಬರಬಾರದು.

ರಾಜಾಜಿನಗರದ ಕಂಪನಿ ಸೆಕ್ರೆಟರಿ

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಇಂಥ ಸಮ್ಮೇಳನದ ನಿಜವಾದ ಲಾಭ ಇನ್ನೊಂದು ದಿಕ್ಕಿನಿಂದ ಬಂದಿದೆ. ನನಗೆ ಕೆಲಸ ಕೊಡುವವರಿಗಿಂತ, ನಾನು ಕೇಳಿದಾಗ ಸರಿಯಾದ ಉತ್ತರ ಕೊಡುವವರು ಸಿಕ್ಕರು.

ಜಪಾನಿನ ಕಂಪನಿಯೊಂದು ಇಲ್ಲಿ ಅಂಗಸಂಸ್ಥೆ ತೆರೆಯುವ ಕೆಲಸ ನನ್ನ ಕೈಯಲ್ಲಿತ್ತು. ವಿದೇಶಿ ನಿರ್ದೇಶಕರ ಪಾಸ್‌ಪೋರ್ಟ್, ವಿಳಾಸದ ದಾಖಲೆಗಳು ಅವರ ದೇಶದಲ್ಲೇ ನೋಟರಿ ಆಗಿ, ಅಪೊಸ್ಟಿಲ್ ಮುದ್ರೆಯೊಂದಿಗೆ (ಹೊರದೇಶದಲ್ಲೂ ಒಪ್ಪುವಂತೆ ಆ ದೇಶದ ಸರ್ಕಾರ ಕೊಡುವ ದೃಢೀಕರಣ) ಬರಬೇಕು. ಅಲ್ಲಿಂದ ಬಂದ ಪ್ರತಿಗಳಲ್ಲಿ ನೋಟರಿ ಮುದ್ರೆ ಇತ್ತು, ಅಪೊಸ್ಟಿಲ್ ಇರಲಿಲ್ಲ. ಮತ್ತೆ ತರಿಸಲು ಎಷ್ಟು ವಾರ ಹಿಡಿಯುತ್ತದೋ ಎಂದು ಇಲ್ಲಿ ಎಲ್ಲರಿಗೂ ಚಿಂತೆ. ಹಿಂದೊಮ್ಮೆ ಇಂಥದೇ ಸಮ್ಮೇಳನದ ಚಹಾ ವಿರಾಮದಲ್ಲಿ ಪರಿಚಯವಾಗಿದ್ದ ಟೋಕಿಯೊದ ವಕೀಲೆಗೆ ಬರೆದೆ. ಟೋಕಿಯೊ, ಒಸಾಕಾದಂಥ ಕೆಲವು ಕಡೆ ನೋಟರಿ ಕಚೇರಿಯಲ್ಲೇ ಅಪೊಸ್ಟಿಲ್ ಸಮೇತ ಕಾಗದ ಸಿಗುವ ಏರ್ಪಾಡು ಇದೆ, ವಿದೇಶಾಂಗ ಸಚಿವಾಲಯಕ್ಕೆ ಬೇರೆಯಾಗಿ ಹೋಗಬೇಕಿಲ್ಲ ಎಂದು ಮರುದಿನವೇ ಉತ್ತರ ಬಂತು. ಅದಕ್ಕೆ ಅವರು ಒಂದು ಯೆನ್ ಕೂಡ ಕೇಳಲಿಲ್ಲ. ಆಮೇಲೆ ಅವರ ಕಕ್ಷಿದಾರರೊಬ್ಬರಿಗೆ ಇಲ್ಲಿನ ನಿಯಮ ತಿಳಿಯಬೇಕಾದಾಗ ನನಗೆ ಬರೆದರು. ನಿರ್ದೇಶಕರಲ್ಲಿ ಒಬ್ಬರಾದರೂ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇರಬೇಕು, ಷೇರು ಹಂಚಿಕೆಯಾದ 30 ದಿನಗಳೊಳಗೆ ರಿಸರ್ವ್ ಬ್ಯಾಂಕ್‌ಗೆ ವರದಿ ಸಲ್ಲಿಸಬೇಕು ಎಂಬುದೆಲ್ಲ ನಮಗೆ ನಿತ್ಯದ ಮಾತು, ಅವರಿಗೆ ಹೊಸದು.

ಆದ್ದರಿಂದ ನಿಮ್ಮ ಕಕ್ಷಿದಾರರ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಪೀಣ್ಯದವರಲ್ಲಿ ಯಾರಾದರೂ ದುಬೈನಲ್ಲಿ ಉಗ್ರಾಣ ತೆರೆಯುವ ಯೋಚನೆಯಲ್ಲಿದ್ದಾರೆಯೇ? ಯುಎಇಯಲ್ಲಿ 2023ರ ಜೂನ್‌ನಿಂದ ಕಾರ್ಪೊರೇಟ್ ತೆರಿಗೆ ಜಾರಿಯಲ್ಲಿದೆ, 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9. ಅಲ್ಲಿ ತೆರಿಗೆಯೇ ಇಲ್ಲ ಎಂದು ಇಲ್ಲಿನ ಎಷ್ಟೋ ಉದ್ಯಮಿಗಳು ಇನ್ನೂ ನಂಬಿದ್ದಾರೆ. ಮುಕ್ತ ವಲಯದ ನಿಯಮ ಬೇರೆ. ದುಬೈ ಪ್ರತಿನಿಧಿಯೊಂದಿಗೆ ಅರ್ಧ ಗಂಟೆ ಕುಳಿತು ಇದನ್ನು ಕೇಳಿ ತಿಳಿದರೆ ಶುಲ್ಕದ ಹಣ ಅಲ್ಲಿಗೇ ಸಂದಿತು.

ಹುಬ್ಬಳ್ಳಿ ಮೂಲದ ನಿರ್ವಹಣಾ ಸಲಹೆಗಾರ, ಈಗ ಇಂದಿರಾನಗರ

ಸಂಕೋಚದ ಬಗ್ಗೆ ಮಾತ್ರ ಬರೆಯುತ್ತೇನೆ ಮೇಡಂ, ಏಕೆಂದರೆ ಅದು ನನಗೂ ಬೇಕಾದಷ್ಟಿತ್ತು. ದೊಡ್ಡ ಸಭಾಂಗಣದಲ್ಲಿ ನಿಂತವರ ಗುಂಪಿನೊಳಗೆ ಸೇರುವ ಪ್ರಯತ್ನವನ್ನೇ ಮಾಡಬೇಡಿ. ಪ್ರತಿನಿಧಿಗಳ ಪಟ್ಟಿಯನ್ನು ಸಂಘಟಕರಿಂದ ಮೊದಲೇ ತರಿಸಿಕೊಂಡು, ನಿಮಗೆ ಬೇಕಾದ ಮೂರು ನಾಲ್ಕು ಜನರಿಗೆ ವಾರದ ಮುಂಚೆ ಎರಡು ಸಾಲು ಬರೆಯಿರಿ: ‘ನಮ್ಮಲ್ಲಿ ಈ ಪ್ರಶ್ನೆ ಇದೆ, ಭೇಟಿಯಾದಾಗ ಮಾತನಾಡೋಣವೇ?’ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಜಪಾನ್, ಮಲೇಷ್ಯಾದವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುವವರನ್ನು ಕಂಡರೆ ಅವರಿಗೆ ನೆಮ್ಮದಿ.

ಇನ್ನೊಂದು. ನೀವು ಬಸವನಗುಡಿಯವರು! ಮರುದಿನ ಉಳಿಯುವ ಅತಿಥಿಗಳಿದ್ದರೆ ಬೆಳಿಗ್ಗೆ ಲಾಲ್‌ಬಾಗ್ ಸುತ್ತಿಸಿ, ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ ತಿನ್ನಿಸಿ. ಶುಕ್ರವಾರ ಅಲ್ಲಿ ರಜೆ, ನೆನಪಿರಲಿ. ಹೋಟೆಲ್‌ನ ಔತಣಕೂಟಕ್ಕಿಂತ ಹೆಚ್ಚಿನ ಆತ್ಮೀಯತೆ ಅಲ್ಲಿ ಬೆಳೆಯುತ್ತದೆ.

ಜಯನಗರದ ಹಿರಿಯ ಲೆಕ್ಕಪರಿಶೋಧಕರು

ಎಲ್ಲರೂ ಹೋಗಿ ಎನ್ನುತ್ತಿದ್ದಾರೆ. ನಾನು ಸ್ವಲ್ಪ ತಡೆಯುತ್ತೇನಮ್ಮ. ನಿಮ್ಮ ಕಚೇರಿಗೆ ಕೆಲಸ ಬೇಕೆಂದಿದ್ದರೆ ಹತ್ತಿರದ ದಾರಿ ಬೇರೆಯಿದೆ. ಕೆಲಸ ಕೋರಬಾರದೆಂಬ ಆ 6ನೇ ಖಂಡದಲ್ಲೇ ಒಂದು ವಿನಾಯಿತಿ ಇರುವುದನ್ನು ಬಹಳ ಜನ ಮರೆಯುತ್ತಾರೆ: ವೃತ್ತಿನಿರತ ಇನ್ನೊಬ್ಬ ಲೆಕ್ಕಪರಿಶೋಧಕರಿಂದ ಕೆಲಸ ಕೇಳಿ ಪಡೆಯಲು ಅಡ್ಡಿಯಿಲ್ಲ. ವಸಂತನಗರದಲ್ಲಿ ನಮ್ಮ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಬೆಂಗಳೂರು ಶಾಖೆ ಇದೆ, ರಾಜ್ಯ ಲೆಕ್ಕಪರಿಶೋಧಕರ ಸಂಘವಿದೆ. ಅಲ್ಲಿನ ಅಧ್ಯಯನ ಕೂಟಗಳಿಗೆ ತಪ್ಪದೆ ಹೋಗುವವರಿಗೆ ಕೈತುಂಬ ಕೆಲಸ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ವೃತ್ತಿಪರವಾನಗಿ ಇರುವ ನಮಗೆ ಮೂರು ವರ್ಷಗಳಿಗೆ 120 ಗಂಟೆಗಳ ನಿರಂತರ ಕಲಿಕೆ ಕಡ್ಡಾಯ. ಖಾಸಗಿ ಸಮ್ಮೇಳನದ ಗಂಟೆಗಳು ಅದಕ್ಕೆ ಸೇರುತ್ತವೆಂದು ಊಹಿಸಿಕೊಳ್ಳಬೇಡಿ, ಮೊದಲೇ ವಿಚಾರಿಸಿ.

ಅದಕ್ಕಿಂತ ಮುಖ್ಯವಾದದ್ದು ಇದು. ಅತಿಥಿಯಾಗಿ ಕರೆದವರು ನಾಳೆ ಸದಸ್ಯರಾಗಿ ಎನ್ನುತ್ತಾರೆ. ನಂತರ ಲೆಟರ್‌ಹೆಡ್‌ನಲ್ಲಿ ಒಕ್ಕೂಟದ ಲಾಂಛನ ಹಾಕಿಕೊಳ್ಳಿ ಎನ್ನುತ್ತಾರೆ. ಕಂಪನಿ ಕಾಯ್ದೆಯ 144ನೇ ಕಲಂ ಓದದೆ ಒಪ್ಪಬೇಡಿ. ನೀವು ಆಡಿಟ್ ಮಾಡುವ ಕಂಪನಿಗೆ ಲೆಕ್ಕ ಬರೆಯುವುದು, ಆಂತರಿಕ ಲೆಕ್ಕಪರಿಶೋಧನೆ, ನಿರ್ವಹಣಾ ಸೇವೆ ಮುಂತಾದವನ್ನು ನೀವು ಕೊಡುವಂತಿಲ್ಲ. ನಿಮ್ಮ ಹೆಸರು ಅಥವಾ ಬ್ರ್ಯಾಂಡ್ ಹಂಚಿಕೊಂಡ ಸಂಸ್ಥೆಯ ಮೂಲಕ ಕೊಡುವುದೂ ಪರೋಕ್ಷ ಸೇವೆಯೇ. ಎಲ್ಲೋ ಕುಳಿತ ಸಲಹಾ ಕಚೇರಿಯೊಂದು ಅದೇ ಲಾಂಛನದಡಿ ನಿಮ್ಮ ಪೀಣ್ಯದ ಕಂಪನಿಗೆ ಸೇವೆ ಒದಗಿಸಿದರೆ, ಇಲ್ಲಿ ಸಹಿ ಹಾಕುವ ನೀವು ಉತ್ತರಿಸಬೇಕಾಗುತ್ತದೆ.

ಬಸವನಗುಡಿಯ ಲೆಕ್ಕಪರಿಶೋಧಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. 144ನೇ ಕಲಂ ಈ ರೀತಿ ಅನ್ವಯಿಸಬಹುದೆಂದು ನಾನು ಯೋಚಿಸಿರಲಿಲ್ಲ ಸರ್. ಇನ್ನೊಂದು ತೊಡಕು: ಸಮ್ಮೇಳನ ಸೆಪ್ಟೆಂಬರ್ ಕೊನೆಯ ವಾರದಲ್ಲಿದೆ. ತೆರಿಗೆ ಆಡಿಟ್ ವರದಿಯ ಮಾಮೂಲಿ ಗಡುವು ಸೆಪ್ಟೆಂಬರ್ 30. ಗಡುವು ಮುಂದೆ ಹೋಗುತ್ತದೆ ಎಂಬ ಭರವಸೆಯ ಮೇಲೆ ಕಚೇರಿ ಬಿಟ್ಟು ಹೋಗುವ ಧೈರ್ಯ ನನಗಿಲ್ಲ.

ರಾಜಾಜಿನಗರದ ಕಂಪನಿ ಸೆಕ್ರೆಟರಿ

ಹಾಗಿದ್ದರೆ ಎರಡು ದಿನವೂ ಹೋಗಬೇಡಿ. ಮೊದಲ ದಿನ ಮಧ್ಯಾಹ್ನ ಮತ್ತು ಆ ಸಂಜೆಯ ಔತಣ ಸಾಕು. ಉಪನ್ಯಾಸಗಳ ಸಾರ ಆಮೇಲೆ ಯಾರಿಂದಲಾದರೂ ಸಿಗುತ್ತದೆ, ಭೇಟಿ ಸಿಗುವುದಿಲ್ಲ. ಒಂದು ದಿನದ ಶುಲ್ಕ ತೆಗೆದುಕೊಳ್ಳುವಿರಾ ಎಂದು ಕೇಳಿ ನೋಡಿ, ಅತಿಥಿಗಳಿಗೆ ಸಾಮಾನ್ಯವಾಗಿ ಒಪ್ಪುತ್ತಾರೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವೈಟ್‌ಫೀಲ್ಡ್‌ವರೆಗೂ ಮೆಟ್ರೊ ಇದೆ. ಸಂಜೆ ಹೊತ್ತಿನಲ್ಲಿ ರಸ್ತೆಯನ್ನು ನಂಬಬೇಡಿ. ಬಂದ ಮೇಲೆ ಅಕ್ಟೋಬರ್ ಮೊದಲ ವಾರ, ಗಡುವಿನ ಭರಾಟೆ ಇಳಿದೊಡನೆ, ಭೇಟಿಯಾದವರಿಗೆಲ್ಲ ಬರೆಯಿರಿ. ‘ಭೇಟಿಯಿಂದ ಸಂತೋಷವಾಯಿತು’ ಎಂದಷ್ಟೇ ಬೇಡ, ಅವರು ಕೇಳಿದ್ದ ಪ್ರಶ್ನೆಯೊಂದಕ್ಕೆ ಉತ್ತರ ಸೇರಿಸಿ ಕಳುಹಿಸಿ.

ಜಯನಗರದ ಹಿರಿಯ ಲೆಕ್ಕಪರಿಶೋಧಕರು

ಒಂದು ದಿನಕ್ಕಾದರೆ ನನ್ನ ತಕರಾರಿಲ್ಲ, ಹೋಗಿ ಬನ್ನಿ. ಸದಸ್ಯತ್ವದ ಒಪ್ಪಂದಪತ್ರ ಕೈಗೆ ಬಂದರೆ ಸಹಿ ಹಾಕುವ ಮುಂಚೆ ನನಗೊಮ್ಮೆ ತೋರಿಸಿ. ಲಾಂಛನ ಬಳಕೆ ಮತ್ತು ಶುಲ್ಕ ಹಂಚಿಕೆಯ ಷರತ್ತುಗಳನ್ನು ಕುಳಿತು ಓದಿಕೊಡುತ್ತೇನೆ.