ಹಗಲು ಹೊತ್ತಿನ ಕ್ಲಾಸುಗಳು: ಕೇಳಿ, ಮೇಡಂ ಉತ್ತರಿಸ್ತಾರೆ (ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದವರಿಗೆ)

ಅಡ್ಮಿನ್: ವಯಸ್ಕರ ಶಿಕ್ಷಣದಲ್ಲಿ ದಾಖಲಾತಿ ಸಲಹೆಗಾರ್ತಿಯಾಗಿರುವ ಮೇಡಂ ಇವತ್ತು ಸಂಜೆವರೆಗೆ ಸಿಗ್ತಾರೆ. ವೀಸಾ ಯಾವುದು ಅಂತ ಮೊದಲು ಬರೆದು ಆಮೇಲೆ ಪ್ರಶ್ನೆ ಕೇಳಿ.

ಸನ್ನಿವೇಲ್ ಸದಸ್ಯೆ: ಎಚ್-4 (ಯಜಮಾನರು ಎಚ್-1ಬಿ ಕೆಲಸದ ವೀಸಾದಲ್ಲಿದಾರೆ). ಬಂದು ಎರಡು ತಿಂಗಳು. ಇಂಗ್ಲಿಷ್ ಓದೋಕೆ ಬರುತ್ತೆ, ಎದುರಿಗಿರೋರು ಮಾತಾಡಿದ್ರೆ ಅರ್ಧ ತಲೆ ಮೇಲೆ ಹೋಗುತ್ತೆ. ಬೆಳಿಗ್ಗೆ ಹೊತ್ತು ಎಲ್ಲಿಗೆ ಹೋಗ್ಲಿ?

ಮೇಡಂ: ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ನಡೆಸೋ ಅಡಲ್ಟ್ ಸ್ಕೂಲ್ ಇದೆಯಾ ನೋಡಿ. ಇಎಸ್‌ಎಲ್, ಅಂದ್ರೆ ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಇಂಗ್ಲಿಷ್ ಕಲಿಸೋ ಕ್ಲಾಸ್, ಸಾಮಾನ್ಯವಾಗಿ ಬೆಳಿಗ್ಗೆ ಹೊತ್ತೂ ಇರುತ್ತೆ. ಇನ್ನೊಂದು ದಾರಿ ಕಮ್ಯುನಿಟಿ ಕಾಲೇಜಿನ ನಾನ್‌ಕ್ರೆಡಿಟ್ ಕ್ಲಾಸ್, ಅಂದ್ರೆ ಡಿಗ್ರಿಗೆ ಲೆಕ್ಕವಾಗದ ಕ್ಲಾಸ್. ರಾಜ್ಯದಲ್ಲಿ ಅದಕ್ಕೆ ದಾಖಲಾತಿ ಶುಲ್ಕ ಇಲ್ಲ. ಅದೇ ಕಾಲೇಜಿನ ಕ್ರೆಡಿಟ್ ಕೋರ್ಸ್ ಕ್ಲಿಕ್ ಮಾಡಿಬಿಟ್ರೆ ಯೂನಿಟ್‌ಗೆ 46 ಡಾಲರ್, ಅದರ ಮೇಲೆ ಹೊರರಾಜ್ಯದವರ ಶುಲ್ಕ ಬೇರೆ. ಫಾರ್ಮ್ ತುಂಬೋವಾಗ ತಪ್ಪಾಗೋದೇ ಅಲ್ಲಿ.

ಸೇರೋಕೆ ಮುಂಚೆ ಕಾಸಾಸ್ ಅಂತ ಪರೀಕ್ಷೆ ಕೊಡ್ತಾರೆ. ಓದೋದು ಒಂದು ಭಾಗ, ಕೇಳಿಸಿಕೊಳ್ಳೋದು ಒಂದು ಭಾಗ. ನಮ್ಮವರ ಓದಿನ ಅಂಕ ಆಕಾಶದಲ್ಲಿರುತ್ತೆ, ಕೇಳೋ ಅಂಕ ನೆಲದಲ್ಲಿ. ಓದಿನ ಅಂಕ ನೋಡಿ ಮೇಲಿನ ಹಂತಕ್ಕೆ ಹಾಕಿದ್ರೆ ಅಲ್ಲಿ ಬರೀ ಪ್ರಬಂಧ ಬರೆಸ್ತಾರೆ, ಬಾಯಿ ತೆಗೆಯೋ ಅವಕಾಶ ಕಡಿಮೆ. ಹಾಗಂತ ಬೇಕಂತಲೇ ತಪ್ಪು ಉತ್ತರ ಬರೀಬೇಡಿ. ಸೀಟು ಕೊಡೋ ಮುಂಚೆ, ‘ನನಗೆ ಮಾತಾಡೋ ಕ್ಲಾಸ್ ಬೇಕು’ ಅಂತ ಬಾಯಿಬಿಟ್ಟು ಹೇಳಿ. ಟರ್ಮ್ ಆಗಸ್ಟ್ ಮತ್ತು ಜನವರಿ ಹೊತ್ತಿಗೆ ಶುರು. ವೇಯ್ಟಿಂಗ್ ಲಿಸ್ಟ್ ಅಂದ್ರೆ ಮನೇಲಿ ಕೂರಬೇಡಿ, ಎರಡನೇ ವಾರ ನೇರವಾಗಿ ಆಫೀಸಿಗೆ ಹೋಗಿ. ಮೊದಲ ವಾರ ಬಾರದವರ ಸೀಟು ಆಗ ಖಾಲಿಯಾಗಿರುತ್ತೆ.

ಫ್ರೀಮಾಂಟ್ ಸದಸ್ಯೆ: ಎಚ್-4ನವರು ಓದಬಹುದಾ ಮೇಡಂ?

ಮೇಡಂ: ಹೂಂ. ಐ-20 (ವಿದ್ಯಾರ್ಥಿ ವೀಸಾದವರಿಗೆ ಶಾಲೆ ಕೊಡೋ ಪತ್ರ) ಬೇಡ, ಯಾರ ಅನುಮತಿಯೂ ಬೇಡ.

ಮಿಲ್ಪಿಟಾಸ್ ಸದಸ್ಯ: ಅಪ್ಪ ಅಮ್ಮ ಬಿ-2 ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ, ಆರು ತಿಂಗಳು. ಅಮ್ಮನಿಗೆ ಬೇಜಾರು ಅಂತ ಅಡಲ್ಟ್ ಸ್ಕೂಲ್ ಇಎಸ್‌ಎಲ್‌ಗೆ ಸೇರಿಸಿದೀವಿ, ಮೂರು ವಾರ ಆಯ್ತು. ಸ್ಕೂಲಿನವರು ವೀಸಾ ಕೇಳಲೇ ಇಲ್ಲ. ‘ನಾನ್‌ಕ್ರೆಡಿಟ್ ಆದ್ರೆ ವಿಸಿಟರ್‌ಗೂ ಓಕೆ’ ಅಂತ ಒಂದು ಮೆಸೇಜ್ ಓಡಾಡ್ತಿದೆ. ಸರಿ ತಾನೇ?

ಮೇಡಂ: ಆ ಮೆಸೇಜನ್ನ ದಯವಿಟ್ಟು ಯಾರಿಗೂ ಕಳಿಸಬೇಡಿ. ಸ್ಕೂಲು ವೀಸಾ ಕೇಳಲಿಲ್ಲ ಅನ್ನೋದು ಬೇರೆ ಮಾತು, ವೀಸಾ ಅನುಮತಿ ಕೊಡುತ್ತೆ ಅನ್ನೋದು ಬೇರೆ ಮಾತು. ದಾಖಲಾತಿ ಕೌಂಟರಿನವರು ವಲಸೆ ಅಧಿಕಾರಿಗಳಲ್ಲ, ನಿಮ್ಮ ತಾಯಿಯ ಸ್ಟೇಟಸ್ ಕಾಯೋದು ಅವರ ಕೆಲಸವೂ ಅಲ್ಲ.

2002ರಿಂದ ನಿಯಮ ಸ್ಪಷ್ಟ: ಬಿ ವೀಸಾದಲ್ಲಿ ಇರೋರು ‘ಕೋರ್ಸ್ ಆಫ್ ಸ್ಟಡಿ’ಗೆ ಸೇರೋ ಹಾಗಿಲ್ಲ. ಮನರಂಜನೆಯ ಚಿಕ್ಕ ಕ್ಲಾಸಿಗೆ ಅಡ್ಡಿ ಇಲ್ಲ. ವಿದೇಶಾಂಗ ಇಲಾಖೆಯೇ ಕೊಡೋ ಉದಾಹರಣೆ ಎರಡು ದಿನದ ಅಡುಗೆ ಕ್ಲಾಸು. ಈಗ ನಿಮ್ಮ ತಾಯಿಯ ಕ್ಲಾಸನ್ನ ಅದರ ಪಕ್ಕ ಇಟ್ಟು ನೋಡಿ. ಪ್ರವೇಶ ಪರೀಕ್ಷೆ ಇದೆ, ಹಂತ ಇದೆ, ಹಾಜರಿ ಇದೆ, ನಾಲ್ಕೈದು ತಿಂಗಳ ಟರ್ಮ್ ಇದೆ, ಮತ್ತೆ ಪರೀಕ್ಷೆ ಇಟ್ಟು ಮುಂದಿನ ಹಂತಕ್ಕೆ ಕಳಿಸ್ತಾರೆ. ಇದು ಕಾಲಹರಣ ಅಂತ ವಾದಿಸೋದು ಕಷ್ಟ. ಕ್ರೆಡಿಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕೋರ್ಸು ಮನರಂಜನೆ ಆಗಿಬಿಡಲ್ಲ.

ನಾಳೆಯಿಂದ ಕಳಿಸಬೇಡಿ. ಸುಮ್ಮನೆ ಬಿಟ್ಟರೆ ಹೆಸರು ಹಾಜರಿ ಪಟ್ಟಿಯಲ್ಲೇ ಉಳಿಯುತ್ತೆ, ಅದಕ್ಕೆ ಇಮೇಲ್ ಬರೆದು ಹೆಸರು ತೆಗೆಸಿ, ತಾರೀಖಿರೋ ಉತ್ತರ ಇಟ್ಟುಕೊಳ್ಳಿ. ಇಲ್ಲಿ ಉಳಿಯೋ ಅವಧಿಯ ವಿಸ್ತರಣೆಗೆ ಅರ್ಜಿ ಹಾಕೋ ಯೋಚನೆ ಇದ್ರೆ ಮೊದಲು ವಕೀಲರನ್ನ ಕೇಳಿ, ಎಲ್ಲೂ ಸುಳ್ಳು ಬರೀಬೇಡಿ. ‘ಹಾಗಾದ್ರೆ ಎಫ್-1 ವಿದ್ಯಾರ್ಥಿ ವೀಸಾ ಮಾಡಿಸ್ತೀವಿ’ ಅಂತಲೂ ಹೊರಡಬೇಡಿ: ಸರ್ಕಾರಿ ಹಣದ ಅಡಲ್ಟ್ ಸ್ಕೂಲಿಗೆ ಎಫ್-1 ಸಿಗಲ್ಲ, 1996ರ ಕಾನೂನೇ ತಡೆದಿದೆ.

ಅಮ್ಮನಿಗೆ ಸೀನಿಯರ್ ಸೆಂಟರ್ ತೋರಿಸಿ. ಯೋಗ, ಇಸ್ಪೀಟು, ಕೈಕಸೂತಿ, ಇಷ್ಟ ಬಂದ ದಿನ ಹೋಗಿ ಬರಬಹುದು. ಅಲ್ಲಿ ವಯಸ್ಸಿನ ಮಿತಿ ಸಾಮಾನ್ಯವಾಗಿ 50 ಅಥವಾ 55. ಲೈಬ್ರರಿಯ ಮಾತುಕತೆ ಗುಂಪಿನಲ್ಲಿ ಹಂತವೂ ಇಲ್ಲ, ಪರೀಕ್ಷೆಯೂ ಇಲ್ಲ. ಸುತ್ತ ಕೂತು ಮಾತಾಡ್ತಾರೆ, ಅಷ್ಟೇ.

ಸ್ಯಾನ್ ರಾಮೋನ್ ಸದಸ್ಯ: ಮೇಡಂ ಸುಮ್ಮನೆ ಹೆದರಿಸ್ತಿದಾರೆ. ಎಷ್ಟೋ ಜನರ ತಂದೆ ತಾಯಿ ಹೋಗ್ತಾರೆ, ಯಾರಿಗೂ ಏನೂ ಆಗಿಲ್ಲ.

ಡಬ್ಲಿನ್ ಸದಸ್ಯೆ: ಏನೂ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು ಸರ್? ಮುಂದಿನ ಸಲ ವೀಸಾ ಸಿಗದಿದ್ರೆ ಅವರು ಬಂದು ಗುಂಪಿನಲ್ಲಿ ಹಾಕ್ತಾರಾ?

ಸ್ಯಾನ್ ರಾಮೋನ್ ಸದಸ್ಯ: ನಿಯಮ ಓದಿದವರೆಲ್ಲ ವಕೀಲರಾಗಲ್ಲ.

ಡಬ್ಲಿನ್ ಸದಸ್ಯೆ: ಓದದವರಂತೂ ಆಗಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಬರ್ಕ್ಲಿ ಸದಸ್ಯೆ: ಎಫ್-2. ಯಜಮಾನರು ಎಫ್-1ನಲ್ಲಿ ಪಿಎಚ್‌ಡಿ ಮಾಡ್ತಿದಾರೆ. ನಾನೂ ಅಡಲ್ಟ್ ಸ್ಕೂಲಿಗೆ ಹೋಗಬಹುದಾ?

ಮೇಡಂ: ಇದು ಒಳ್ಳೆ ಪ್ರಶ್ನೆ, ಎಲ್ಲರೂ ಎಚ್-4 ಉತ್ತರವನ್ನೇ ಎಫ್-2ಗೂ ಅಂಟಿಸ್ತಾರೆ. 2015ರಿಂದ ಎಫ್-2ನವರು ಪಾರ್ಟ್‌ಟೈಮ್ ಓದಬಹುದು, ಆದರೆ ಎಫ್-1 ವಿದ್ಯಾರ್ಥಿಗಳನ್ನ ಸೇರಿಸಿಕೊಳ್ಳೋಕೆ ಸೆವಿಪ್ (ವಿದೇಶಿ ವಿದ್ಯಾರ್ಥಿಗಳ ಕೇಂದ್ರ ಸರ್ಕಾರಿ ವ್ಯವಸ್ಥೆ) ಮಾನ್ಯತೆ ಇರೋ ಶಾಲೆಯಲ್ಲೇ. ಸ್ಕೂಲ್ ಡಿಸ್ಟ್ರಿಕ್ಟಿನ ಅಡಲ್ಟ್ ಸ್ಕೂಲಿಗೆ ಆ ಮಾನ್ಯತೆ ಇರಲ್ಲ. ಕಮ್ಯುನಿಟಿ ಕಾಲೇಜು ನೋಡಿ, ಮಾನ್ಯತೆ ಇದೆಯಾ ಅಂತ ಖಚಿತ ಮಾಡ್ಕೊಳ್ಳಿ. ಪದವಿ ತರಗತಿಯಲ್ಲಿ 12 ಯೂನಿಟ್ ಅಂದ್ರೆ ಫುಲ್‌ಟೈಮ್, ಅದಕ್ಕಿಂತ ಕಡಿಮೆ ಇರಲಿ. ಹಣ ಕಟ್ಟೋ ಮುಂಚೆ ಯಜಮಾನರ ಡಿಎಸ್‌ಒಗೆ (ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿ ವೀಸಾ ನೋಡ್ಕೊಳ್ಳೋ ಅಧಿಕಾರಿ) ಒಂದು ಇಮೇಲ್ ಹಾಕಿ. ಇನ್ನೊಂದು: ಯಜಮಾನರೇ ‘ನಾನೂ ಬರ್ತೀನಿ’ ಅಂತ ಅಡಲ್ಟ್ ಸ್ಕೂಲಿಗೆ ಬಂದುಬಿಟ್ಟಾರು, ತಡೀರಿ. ಎಫ್-1ನವರು 1996ರ ಆ ನಿಷೇಧ ಮುರಿದ್ರೆ ಐದು ವರ್ಷ ದೇಶದ ಹೊರಗೇ ಇರಬೇಕಾಗುತ್ತೆ.

ಕ್ಯುಪರ್ಟಿನೊ ಸದಸ್ಯೆ: ಎಚ್-4, ಎರಡೂವರೆ ವರ್ಷದ ಮಗು. ಮಗು ಬಿಟ್ಟು ಹೋಗೋಕೆ ಆಗಲ್ಲ.

ಮೇಡಂ: ಬಿಡೋದೇ ಬೇಡ. ಕೆಲವು ಅಡಲ್ಟ್ ಸ್ಕೂಲ್‌ಗಳು ‘ಪೇರೆಂಟ್ ಪಾರ್ಟಿಸಿಪೇಷನ್’ ಪ್ರೀಸ್ಕೂಲ್ ನಡೆಸ್ತವೆ. ದಾಖಲೆಯಲ್ಲಿ ವಿದ್ಯಾರ್ಥಿ ನೀವು, ಮಗು ಅದೇ ಕೊಠಡಿಯಲ್ಲಿ ಆಡುತ್ತೆ. ಸರದಿ ಪ್ರಕಾರ ನೀವು ಟೀಚರ್‌ಗೆ ಕೈಜೋಡಿಸಬೇಕು: ತಿಂಡಿ ಬಡಿಸೋದು, ಬಣ್ಣ ಒರೆಸೋದು. ಟಿಬಿ (ಕ್ಷಯ) ಇಲ್ಲ ಅನ್ನೋ ಪತ್ರ ಕೇಳ್ತಾರೆ, ಅಲ್ಲೇ ನಮ್ಮವರು ಸಿಕ್ಕಿಬೀಳೋದು. ಬಿಸಿಜಿ ಅನ್ನೋ ಕ್ಷಯದ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು. ಡಾಕ್ಟರ ಹತ್ತಿರ ರಕ್ತದ ಪರೀಕ್ಷೆಯನ್ನೇ ಕೇಳಿ, ಬಿಸಿಜಿ ಅದಕ್ಕೆ ಅಡ್ಡ ಬರಲ್ಲ, ಎರಡನೇ ಸಲ ತೋರಿಸೋಕೆ ಹೋಗೋದೂ ತಪ್ಪುತ್ತೆ.

ಫ್ರೀಮಾಂಟ್ ಸದಸ್ಯೆ: ಚುಚ್ಚಿದ ಜಾಗಕ್ಕೆ ಐಸ್ ಇಟ್ಟು ಅರಿಶಿನ ಹಚ್ಚಿದ್ರೆ ಕೆಂಪಾಗಲ್ಲ ಅಂತ ಫಾರ್ವರ್ಡ್ ಬಂದಿತ್ತು.

ಮೇಡಂ: ಅಳೆಯೋದು ಕೆಂಪನ್ನಲ್ಲ, ಗಟ್ಟಿಯಾದ ಗಂಟಿನ ಅಗಲ, ಅದೂ ಮಿಲಿಮೀಟರಿನಲ್ಲಿ. ಅರಿಶಿನ ಅಡುಗೆಮನೆಯಲ್ಲೇ ಇರಲಿ. ನಿಜವಾದ ಸೋಂಕು ಮುಚ್ಚಿಟ್ಟು ಪುಟ್ಟ ಮಕ್ಕಳ ಮಧ್ಯೆ ಕೂರ್ತೀರಾ?

ಸ್ಯಾಂಟಾ ಕ್ಲಾರಾ ಸದಸ್ಯ: ಎಚ್-4 ಹೆಂಡತಿ ಕ್ಲಾಸಿಗೆ ಸೇರಬಹುದಾ?

ಮೇಡಂ: ಮೇಲೆ ಓದಿ.

ಸ್ಯಾಂಟಾ ಕ್ಲಾರಾ ಸದಸ್ಯ: ಒಂದು ಪದದಲ್ಲಿ ಹೇಳಿದ್ರೆ ಏನಾಗ್ತಿತ್ತು?

ಮೇಡಂ: ಬಹುದು.

ಪ್ಲೆಸೆಂಟನ್ ಸದಸ್ಯೆ: ಎಚ್-4, ಇಎಡಿ (ಕೆಲಸದ ಅನುಮತಿ ಕಾರ್ಡ್) ಇಲ್ಲ. ಒಂದು ಸ್ಟಾರ್ಟಪ್‌ನಲ್ಲಿ ಸಂಬಳ ಇಲ್ಲದೆ ವಾಲಂಟಿಯರ್ ಆಗಿ ಕೋಡಿಂಗ್ ಕಲಿಸ್ತಾರಂತೆ.

ಮೇಡಂ: ಬೇಡ. ಲಾಭಕ್ಕೆ ನಡೆಯೋ ಕಂಪನಿಯಲ್ಲಿ, ಬೇರೆಯವರಿಗೆ ಸಂಬಳ ಕೊಡೋ ಕೆಲಸವನ್ನ ಪುಕ್ಕಟೆ ಮಾಡಿದ್ರೆ ಅದು ವಾಲಂಟಿಯರಿಂಗ್ ಅಲ್ಲ, ಅನುಮತಿ ಇಲ್ಲದ ಕೆಲಸ ಅಂತ ಎಣಿಸಬಹುದು. ಲೈಬ್ರರಿಯ ಹಳೇ ಪುಸ್ತಕದ ಮಾರಾಟಕ್ಕೆ ನಿಂತುಕೊಳ್ಳಿ, ಪರವಾಗಿಲ್ಲ.

ಸ್ಯಾನ್ ರಾಮೋನ್ ಸದಸ್ಯ: ಎಲ್ಲದಕ್ಕೂ ಬೇಡ ಬೇಡ. ಎಂಟೆಕ್ ಓದಿದವರು ಪುಸ್ತಕ ಜೋಡಿಸಬೇಕಾ?

ಪ್ಲೆಸೆಂಟನ್ ಸದಸ್ಯೆ: ಜೋಡಿಸೋದು ನಾನು, ನಿಮಗೇನು ಕಷ್ಟ?

ಹೇವರ್ಡ್ ಸದಸ್ಯೆ: ಕಾರು ಓಡಿಸೋಕೆ ಬರದವರಿಗೆ ಬಸ್ ದಾರಿಯಲ್ಲಿರೋ ಕ್ಲಾಸ್ ಹುಡುಕೋದು ಹೇಗೆ?

ಸ್ಯಾನ್ ರಾಮೋನ್ ಸದಸ್ಯ: ಪುಕ್ಕಟೆ ಕ್ಲಾಸಿಗೆ ಹೋದ್ರೆ ಗ್ರೀನ್ ಕಾರ್ಡಿಗೆ ತೊಂದ್ರೆ ಅಂತಲೂ ಒಂದು ಮೆಸೇಜ್ ಇದೆ, ಕಳಿಸ್ಲಾ?

ಮೇಡಂ: ಕಳಿಸಿದ್ರೆ ನಾನು ಗುಂಪು ಬಿಡ್ತೀನಿ. ಮಿಲ್ಪಿಟಾಸ್‌ನವರೇ, ಸ್ಕೂಲಿಗೆ ಇಮೇಲ್ ಬರೆದ್ರಾ?

ಮಿಲ್ಪಿಟಾಸ್ ಸದಸ್ಯ: ಬರೆದೆ ಮೇಡಂ. ನಾಳೆ ಅಮ್ಮನ ಕ್ಲಾಸಿನಲ್ಲಿ ಪಾಟ್‌ಲಕ್ ಇದೆಯಂತೆ. ಅದಕ್ಕೊಂದು ಹೋಗಬಹುದಾ?

ಮೇಡಂ: ಊಟ ಮಾಡಿ ಬರಲಿ. ಹಾಜರಿ ಹಾಳೆಗೆ ಸಹಿ ಮಾತ್ರ ಹಾಕಬಾರದು.

ಅಡ್ಮಿನ್: ಕಾಮೆಂಟ್ ಮುಚ್ಚಲಾಗಿದೆ.